ತುಮಕೂರಲ್ಲಿ ಸೈಕಲ್‌ನಲ್ಲಿ ಆಫೀಸಿಗೆ ಹೋಗೋಕೆ ಎಂಥ ಬಟ್ಟೆ ಹಾಕ್ಕಂಡ್ರೆ ಒಳ್ಳೇದು?

ಪ್ರಶ್ನೆ ಹಾಕಿರೋರಿಗೆ ನಮಸ್ಕಾರ. ಹೊಸ ಕೆಲಸ ಸಿಕ್ಕಿದೆ, ಮನೆಯಿಂದ 7 ಕಿಲೋಮೀಟರ್, ಗೇರ್ ಸೈಕಲ್ ತಗಂಡಿದ್ದೂ ಆಗಿದೆ, ಆದ್ರೆ ಆಫೀಸಲ್ಲಿ ಫಾರ್ಮಲ್ಸೇ ಹಾಕ್ಬೇಕು, ಬೆವರು ಧೂಳು ಮಳೆ ಎಲ್ಲ ನೆನೆಸ್ಕಂಡು ಸೈಕ್ಲಿಂಗ್ ಡ್ರೆಸ್ಸಿಗೆ ಅಂತ ಮೂರು ಸಾವಿರ ಎತ್ತಿಟ್ಟಿದೀನಿ, ಏನು ತಗಳ್ಲಿ ಅಂತ ಕೇಳಿದೀರ. ಏನೂ ತಗಬೇಡಿ. ಅಂದ್ರೆ ನಿಮ್ಮ ಮೈಗೆ ಏನೂ ತಗಬೇಡಿ, ಅದ್ರಲ್ಲಿ ಒಂದು ಸಾವಿರ ಚಿಲ್ರೆ ಸೈಕಲ್ಲಿಗೆ ಹಾಕಿ, ಮಿಕ್ಕಿದ್ದು ಉಳೀಲಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕಬೇಡಿ.

ನಾನು ಆರು ವರ್ಷದಿಂದ ಕ್ಯಾತ್ಸಂದ್ರದಿಂದ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾಗೆ ಸೈಕಲ್ಲಲ್ಲೇ ಹೋಗಿ ಬರ್ತಿದೀನಿ. ಸಣ್ಣ ಫ್ಯಾಕ್ಟರಿ, ಅಕೌಂಟ್ಸ್ ಸೆಕ್ಷನ್. ಶುರುವಲ್ಲಿ ನಾನೂ ನಿಮ್ಮಂಗೇ ಆನ್‌ಲೈನಲ್ಲಿ ನೋಡಿ ನೋಡಿ ಮೈಗಂಟೋ ಜೆರ್ಸಿ, ಕೆಳಗೆ ಪ್ಯಾಡ್ ಇರೋ ಟೈಟ್ ಚಡ್ಡಿ ತರಿಸ್ದೆ. ಮೊದಲ ದಿನ ಗೇಟಲ್ಲಿ ಸೆಕ್ಯೂರಿಟಿಯವ್ರು, ದಿನಾ ನಮಸ್ಕಾರ ಹೊಡೆಯೋರು, "ಯಾರು ಬೇಕಾಗಿತ್ತು ಸಾರ್" ಅಂತ ಕೇಳಿದ್ರು. ಆಮೇಲೆ ಟಾಯ್ಲೆಟ್ಟಲ್ಲಿ ಬಟ್ಟೆ ಬದಲಾಯಿಸೋ ಸಂಭ್ರಮ, ಅಲ್ಲಿ ಒಂದು ಮೊಳೆ ಕೂಡ ಇಲ್ಲ ನೇತು ಹಾಕೋಕೆ, ಒಂದು ಕಾಲಲ್ಲಿ ನಿಂತ್ಕಂಡು ಪ್ಯಾಂಟ್ ಏರಿಸ್ಬೇಕಾದ್ರೆ ಇನ್ನೊಂದು ಕಾಲಿಂದು ಒದ್ದೆ ನೆಲಕ್ಕೆ ಬಿದ್ದು, ಆವತ್ತು ಮಧ್ಯಾಹ್ನದವರೆಗೂ ಒಂದು ಕಾಲು ಒದ್ದೆ. ಒಂದು ವಾರ ಹಂಗೇ ಎಳೆದೆ, ಆಮೇಲೆ ಬೀರು ಸೇರ್ತು.

ನಮ್ಮಪ್ಪ ಇದನ್ನೆಲ್ಲ ನೋಡಿ ನಕ್ಕಿದ್ದೇ ನಕ್ಕಿದ್ದು. ಅವ್ರು ಇಲ್ಲೇ ತುಮಕೂರು ಎಚ್‌ಎಂಟಿ ವಾಚ್ ಫ್ಯಾಕ್ಟರಿಲಿದ್ದೋರು (2016ರಲ್ಲಿ ಸೆಂಟ್ರಲ್ ಗೌರ್ಮೆಂಟು ಎಚ್‌ಎಂಟಿ ವಾಚಸ್ ಮುಚ್ಚೋ ತೀರ್ಮಾನ ಮಾಡ್ತಲ್ಲ, ಅದೇ), ವರ್ಷಗಟ್ಲೆ ಇಸ್ತ್ರಿ ಮಾಡಿದ ಪ್ಯಾಂಟು ಶರ್ಟು ಹಾಕ್ಕಂಡೇ ಸೈಕಲ್ ತುಳ್ದೋರು, ಒಂದಿನ ಪ್ಯಾಂಟಿಗೆ ಗ್ರೀಸ್ ಮಾಡ್ಕಂಡು ಬಂದಿದ್ದು ನಾನು ನೋಡಿಲ್ಲ. ಅವ್ರು ಜಾಸ್ತಿ ಹುಷಾರು ಅಂತಲ್ಲ, ಅವ್ರ ಸೈಕಲ್ ಹಂಗಿತ್ತು. ಚೈನಿಗೆ ಪೂರ್ತಿ ಕವರ್, ಎರಡೂ ಚಕ್ರಕ್ಕೆ ಅಗಲವಾದ ಮಡ್‌ಗಾರ್ಡು, ಹಿಂದೆ ಕ್ಯಾರಿಯರ್, ಕೂರೋದು ನೆಟ್ಟಗೆ. ಈಗಿನ ಗೇರ್ ಸೈಕಲ್ಲಿಂದ ಇದನ್ನೆಲ್ಲ ಒಂದೊಂದಾಗಿ ಬಿಚ್ಚಿಬಿಟ್ರು. ಚೈನ್ ಕವರ್ ಹೋಯ್ತು ಅದಕ್ಕೇ ಟೈಟ್ ಪ್ಯಾಂಟ್ ಬೇಕಾಯ್ತು, ಮಡ್‌ಗಾರ್ಡ್ ಹೋಯ್ತು ಅದಕ್ಕೇ ಕೆಸರು ಬಿದ್ರೂ ಪರವಾಗಿಲ್ಲ ಅನ್ನೋ ಜೆರ್ಸಿ ಬೇಕಾಯ್ತು, ಕ್ಯಾರಿಯರ್ ಹೋಯ್ತು ಬ್ಯಾಗು ಬೆನ್ನಿಗೆ ಬಂತು, ಬೆನ್ನು ಬೆವರಿ ಬಚ್ಚಲಾಯ್ತು. ಸೈಕಲ್ ಬಟ್ಟೆ ಬಿಚ್ಚಿ ನಮಗೆ ಬೇರೆ ಬಟ್ಟೆ ಮಾರ್ತಾವ್ರೆ ಅಷ್ಟೆ. ನೀವು ಮೊದಲು ಸೈಕಲ್ಲಿಗೆ ಬಟ್ಟೆ ಹಾಕಿ.

ಮಡ್‌ಗಾರ್ಡ್ ಹಾಕಿಸಿ, ಹಿಂದಿನ ಚಕ್ರಕ್ಕೆ ಉದ್ದದ್ದೇ ಕೇಳಿ, ಸೀಟಿನ ಕೆಳಗೆ ಸಿಕ್ಕಿಸೋ ಚೋಟುದ್ದದ್ದು ಬರೀ ಶೋಕಿಗೆ. ಕ್ಯಾರಿಯರ್ ಹಾಕಿಸಿ, ನಿಮ್ಮ ಫ್ರೇಮಿಗೆ ಕೂರುತ್ತಾ ನೋಡ್ಕಂಡು. ಪೂರ್ತಿ ಚೈನ್ ಕವರ್ ಮಾತ್ರ ಗೇರ್ ಸೈಕಲ್ಲಿಗೆ ಆಗಲ್ಲ, ಹಿಂದೆ ಚೈನು ಒಂದು ಹಲ್ಲಿಂದ ಇನ್ನೊಂದಕ್ಕೆ ಸರೀಬೇಕಲ್ಲ, ಪೆಡಲ್ ಹತ್ರದ ದೊಡ್ಡ ಚಕ್ರಕ್ಕೆ ಪ್ಲಾಸ್ಟಿಕ್ ಬಿಲ್ಲೆ ತರ ಒಂದು ಗಾರ್ಡ್ ಬರುತ್ತೆ, ಅದು ಇಲ್ದಿದ್ರೆ ಹಾಕಿಸ್ಕಳಿ. ನನಗೆ ಮೂರೂ ಸೇರಿ ಒಂದು ಸಾವಿರದ ಆಸುಪಾಸಲ್ಲಿ ಮುಗೀತು.

ಚೈನು ಇರೋದು ಬಲಗಡೆ, ಹಾಗಾಗಿ ಕಾಪಾಡ್ಬೇಕಾಗಿರೋದು ಬಲಗಾಲಿನ ಪ್ಯಾಂಟ್ ಒಂದನ್ನೇ. ಅಪ್ಪನ ಹತ್ರ ಸ್ಟೀಲಿಂದು ಕ್ಲಿಪ್ ಇತ್ತು, ಅರ್ಧ ಬಳೆ ತರದ್ದು. ನಾನು ಅದನ್ನ ಹಾಕ್ದೆ ಹೋದ ಒಂದೇ ಒಂದಿನ, ಮದುವೆ ನಿಶ್ಚಿತಾರ್ಥಕ್ಕೆ ಹೊಲಿಸಿದ್ದ ಪ್ಯಾಂಟು, ಬಟವಾಡಿ ಹತ್ರ ಚೈನಿಗೆ ಸಿಕ್ಕಿ ಅರ್ಧ ಸುತ್ತು ಒಳಗೆ ಹೋಗ್ಬಿಡ್ತು. ಕಾಲು ನೆಲಕ್ಕಿಡೋಕಾಗ್ದೆ ಬಲಕ್ಕೇ ವಾಲಿ ಬಿದ್ದೆ, ಹಿಂದೆ ಆಟೋದವ್ರು ನಿಲ್ಸಿ ಪೆಡಲ್ ಹಿಂದಕ್ಕೆ ತಿರುಗ್ಸಿ ಬಿಡಿಸ್ಕೊಟ್ರು, ಪುಣ್ಯಾತ್ಮರು. ನೆನಪಿಟ್ಕಳಿ, ಸಿಕ್ಕಂಡಾಗ ಎಳೀಬಾರ್ದು, ಹಿಂದಕ್ಕೆ ತಿರುಗಿಸ್ಬೇಕು. ಕ್ಲಿಪ್ ಸಿಗ್ಲಿಲ್ಲ ಅಂದ್ರೆ ಅಗಲದ ಎಲಾಸ್ಟಿಕ್ ಪಟ್ಟಿ ಸಾಕು, ಅದೂ ಇಲ್ಲ ಅಂದ್ರೆ ಪ್ಯಾಂಟನ್ನ ಸಾಕ್ಸ್ ಒಳಗೆ ತುರುಕಿ, ನೋಡೋಕೆ ಪೇಪರ್ ಹಾಕೋ ಹುಡುಗನ ತರ ಕಾಣ್ತೀರ, ಕಾಣ್ಲಿ ಬಿಡಿ. ಗ್ರೀಸ್ ಆದ್ರೆ ನೀರು ತಾಗಿಸೋಕೆ ಮುಂಚೆ ಪಾತ್ರೆ ತೊಳೆಯೋ ಲಿಕ್ವಿಡ್ ಹಚ್ಚಿ ಉಜ್ಜಿ ಆಮೇಲೆ ಒಗೀಬೇಕು. ಶೂ ಲೇಸಿನ ಬಾಲಾನೂ ಒಳಗೆ ಸಿಕ್ಕಿಸಿ, ಅದೂ ಚೈನಿಗೆ ಹೋಗುತ್ತೆ.

ಈಗ ಬೆವರು. ಎಲ್ಲರಿಗೂ ಭಯ ಇದ್ರದ್ದೇ. ನಿಜ ಹೇಳ್ಬೇಕಂದ್ರೆ ಇಲ್ಲಿ ಬಟ್ಟೆಗಿಂತ ಸ್ಪೀಡಿನ ಪಾತ್ರ ಜಾಸ್ತಿ. ತುಳೀತಾ ಇರೋವಾಗ ಗಾಳಿಗೆ ಬೆವರು ಆರ್ತಾ ಇರುತ್ತೆ, ಗೊತ್ತೇ ಆಗಲ್ಲ, ನಿಲ್ಸಿದ ತಕ್ಷಣ ಗಾಳಿ ನಿಂತೋಗುತ್ತೆ ಮೈ ಬಿಸಿ ಮಾತ್ರ ಹಂಗೇ ಇರುತ್ತೆ, ಆವಾಗ ನೋಡಿ ಧಾರೆ ಧಾರೆ ಇಳಿಯೋದು. ಅದಕ್ಕೇ ಕೊನೇ ಒಂದು ಕಿಲೋಮೀಟರು ಮದುವೆ ಮೆರವಣಿಗೆ ಸ್ಪೀಡಲ್ಲಿ ಹೋಗಿ, ಹತ್ತು ನಿಮಿಷ ಮುಂಚೆ ತಲುಪಿ, ಮರದ ನೆರಳೋ ಪಾರ್ಕಿಂಗ್ ಶೆಡ್ಡೋ ಅಲ್ಲಿ ಹೊರಗೇ ನಿಂತ್ಕಳಿ, ಫ್ಯಾನ್ ಇಲ್ದಿರೋ ರೂಮಿಗೆ ನುಗ್ಗಬೇಡಿ. ನಾನು ಬನಿಯನ್ ಮೇಲೆ ಹಳೇ ತೆಳು ಶರ್ಟ್ ಹಾಕ್ಕಂಡು ಹೋಗಿ, ಅಲ್ಲಿ ಒದ್ದೆ ಟವಲಲ್ಲಿ ಕುತ್ತಿಗೆ ಕಂಕುಳು ಒರೆಸ್ಕಂಡು ಬೇರೆ ಬನಿಯನ್ ಹಾಕಿ ಆಫೀಸ್ ಶರ್ಟ್ ಹಾಕ್ಕಳ್ತೀನಿ. ಪ್ಯಾಂಟ್ ಬದಲಾಯ್ಸಲ್ಲ. ಸೋಮವಾರ ನಾಲ್ಕು ಶರ್ಟ್ ಒಟ್ಟಿಗೆ ತಗಂಡೋಗಿ ಆಫೀಸ್ ಬೀರುವಲ್ಲಿ ಇಟ್ಬಿಡ್ತೀನಿ, ದಿನಾ ಹೊತ್ಕಂಡು ಹೋಗೋ ಸುಕ್ಕಾಗೋ ರಗಳೆ ಇಲ್ಲ.

ಬಟ್ಟೆ ಯಾವ್ದು ಅಂದ್ರೆ, ಪೂರ್ತಿ ಕಾಟನ್ ಬೆವರು ಹೀರ್ಕಂಡು ಒದ್ದೆಯಾಗೇ ಕೂತಿರುತ್ತೆ. ಸ್ಪೋರ್ಟ್ಸ್ ಟೀಶರ್ಟ್ ಅಂತ ಮಾರೋ ಪಾಲಿಸ್ಟರು ಬೇಗ ಒಣಗುತ್ತೆ, ಆದ್ರೆ ವಾಸನೆ ಹಿಡಿಯೋದ್ರಲ್ಲಿ ಕಾಟನ್ನಿಗಿಂತ ಮುಂದು, ಯಾಕಂದ್ರೆ ಬೆವರಿಗೆ ತನ್ನಷ್ಟಕ್ಕೆ ಅಷ್ಟೇನೂ ವಾಸನೆ ಇಲ್ಲ, ಅದನ್ನ ತಿನ್ನೋ ಬ್ಯಾಕ್ಟೀರಿಯಾದಿಂದ ವಾಸನೆ, ಅವಕ್ಕೆ ಪಾಲಿಸ್ಟರ್ ಅಂದ್ರೆ ತವರುಮನೆ ಇದ್ದಂಗೆ. ಒಂದ್ಸಲ ಹಾಕಿದ್ದನ್ನ ಒಗೀದೆ ಮಾರನೇ ದಿನ ಹಾಕ್ಕಂಡ್ರೆ ಪಕ್ಕದ ಟೇಬಲ್ಲಿನೋರು ರಜೆ ಹಾಕ್ತಾರೆ. ಪ್ಯಾಂಟಿಗೆ ಹಳೇ ಟೆರಿಕಾಟೇ (ಪಾಲಿಸ್ಟರು ಕಾಟನ್ನು ಬೆರೆಸಿ ನೇಯ್ದ ಬಟ್ಟೆ) ಸರಿ ನನ್ನ ಲೆಕ್ಕದಲ್ಲಿ, ಸುಕ್ಕಾಗಲ್ಲ, ರಾತ್ರಿ ಒಗೆದ್ರೆ ಬೆಳಿಗ್ಗೆ ಒಣಗಿರುತ್ತೆ. ಜೀನ್ಸ್ ಬೇಡ, ನಡುವೆ ದಪ್ಪ ಹೊಲಿಗೆ ಕೂಡೋ ಜಾಗ ಸರಿಯಾಗಿ ಸೀಟಿನ ಮೇಲೇ ಬರುತ್ತೆ, ಒದ್ದೆ ಆದ್ರೆ ತೂಕ ಬೇರೆ. ಸ್ಲಿಮ್ ಫಿಟ್ ಅಂತೂ ಒಂದಿನ ಪರ್‌ ಅಂತ ಹರಿಯೋದೇ. ಟೈಲರ್ ಹತ್ರ ಹೊಲಿಸೋದಾದ್ರೆ ಸೀಟ್ ಹತ್ರ ಸ್ವಲ್ಪ ಲೂಸ್ ಬಿಟ್ಟು ಡಬಲ್ ಹೊಲಿಗೆ ಹಾಕಿ ಅನ್ನಿ, ಸೈಕಲ್ ತುಳೀತೀನಿ ಅಂದ್ರೆ ವಯಸ್ಸಾದ ಟೈಲರ್‌ಗಳಿಗೆ ಅರ್ಥ ಆಗುತ್ತೆ.

ಬಣ್ಣ ಮುಖ್ಯ, ಇದನ್ನ ಯಾರೂ ಹೇಳಲ್ಲ. ತಿಳಿನೀಲಿ ಮತ್ತೆ ಬೂದಿ ಬಣ್ಣದಲ್ಲಿ ಒಂದು ಹನಿ ಬೆವರು ಕೂಡ ಮ್ಯಾಪ್ ಬಿಡಿಸಿದಂಗೆ ಕಾಣುತ್ತೆ. ಬಿಳಿ, ಕಡುನೀಲಿ, ಸಣ್ಣ ಚೆಕ್ಸು, ಇವುಗಳಲ್ಲಿ ಕಾಣಲ್ಲ. ಆದ್ರೆ ಬಿ.ಎಚ್. ರೋಡ್ ಧೂಳಿಗೆ ಬಿಳಿ ಕಾಲರ್ ಎರಡೇ ದಿನಕ್ಕೆ ಕರ್ರಗಾಗುತ್ತೆ, ಅದಕ್ಕೆ ನಮ್ಮ ಕಡೆ ರೈತರು ಹಾಕ್ಕಳ್ಳೋ ತರ ಕುತ್ತಿಗೆಗೊಂದು ಟವಲ್ ಸುತ್ಕಳಿ, ಧೂಳೂ ತಡೀತದೆ ಬಿಸಿಲೂ ತಡೀತದೆ ಕೊನೆಗೆ ಮುಖ ಒರೆಸೋಕೂ ಅದೇ.

ನೀವು ಹೆಸರು ಹಾಕಿಲ್ಲ, ಹೆಣ್ಮಕ್ಕಳಾಗಿದ್ರೆ ಅಂತ ನಮ್ಮ ತಂಗೀನ ಕೇಳ್ದೆ, ಅವ್ಳು ಸ್ಕೂಲ್ ಟೀಚರ್, 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನೋರಿಗೆ ಸೈಕಲ್ ಕೊಡೋಕೆ ಶುರು ಮಾಡ್ತಲ್ಲ ಆವಾಗ ಸೈಕಲ್ ಕಲ್ತೋಳು, ಇವತ್ತಿಗೂ ಲೇಡೀಸ್ ಸೈಕಲ್ಲೇ. "ಅಣ್ಣ, ವೇಲ್ ಒಂದು ಸರಿ ಮಾಡ್ಕಂಡ್ರೆ ಮುಕ್ಕಾಲು ಮುಗೀತು ಅಂತ ಬರಿ" ಅಂದ್ಲು. ವೇಲನ್ನ ಅಡ್ಡಕ್ಕೆ ಹಾಕಿ ಸೊಂಟದ ಪಕ್ಕ ಗಂಟು ಹಾಕ್ಬೇಕಂತೆ, ಪಿನ್ ಒಂದನ್ನೇ ನಂಬಬಾರ್ದಂತೆ. ಕುರ್ತಾದ ಹಿಂದಿನ ಭಾಗ ಚಕ್ರದ ಮೇಲೆ ಇಳಿಬೀಳ್ದಂಗೆ ಎತ್ತಿ ಅದ್ರ ಮೇಲೇ ಕೂರೋದು. ಪಟಿಯಾಲ ಬೇಡ, ಲೆಗ್ಗಿನ್ಸ್ ಇಲ್ಲ ಅಂದ್ರೆ ಕಾಲ್ಬುಡ ಕಿರಿದಾಗಿರೋ ಪ್ಯಾಂಟು. ಸೀರೆ ಉಡೋ ದಿನ ಹಿಂದಿನ ಚಕ್ರದ ಎರಡು ಪಕ್ಕಕ್ಕೆ ಜಾಲರಿ ಇರೋ ಸೈಕಲ್ಲೇ ಬೇಕು, ನೆರಿಗೆ ಸ್ವಲ್ಪ ಮೇಲೆತ್ತಿ ಉಡ್ಬೇಕು, ಸೆರಗು ಸೊಂಟಕ್ಕೆ. ಗೇರ್ ಸೈಕಲ್ಲಿನ ನಡುವೆ ಅಡ್ಡ ಪೈಪಿದ್ರೆ ಸೀರೆ ಮರ್ತುಬಿಡಿ ಅಂದ್ಲು.

ಮಳೆಗೆ ಬರೋಣ. ಜೂನ್ ಜುಲೈನಲ್ಲಿ ನಮ್ಮಲ್ಲಿ ಮಳೆಗಿಂತ ಆಷಾಢದ ಗಾಳಿ ಕಾಟ, ಪಡುವಲಿಂದ ಬೀಸುತ್ತೆ, ಬೆಳಿಗ್ಗೆ ನನಗೆ ಎದುರುಗಾಳಿ, ಶರ್ಟ್ ಬಲೂನಾಗುತ್ತೆ, ಇನ್‌ಶರ್ಟ್ ಮಾಡ್ಕಂಡೇ ತುಳಿಯೋದು ವಾಸಿ. ಸಂಜೆ ಅದೇ ಗಾಳಿ ಹಿಂದಿಂದ ತಳ್ಳುತ್ತೆ. ಜೋರು ಮಳೆ ಅಂದ್ರೆ ಉತ್ತರೆ ಹಸ್ತ ಚಿತ್ತೆ, ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೂರನೇ ವಾರದವರ್ಗೂ, ಅದೂ ಬಹುಪಾಲು ಸಂಜೆ ರಾತ್ರಿ ಹೊಡಿಯೋದು. ಸಂಜೆ ನೀವು ಮನೆಗೆ ಹೋಗ್ತಿರ್ತೀರ, ನೆಂದ್ರೆ ನೆಂದ್ರಿ, ಮನೇಲಿ ಬಿಸಿನೀರಿದೆ! ಫೋನು ಪೇಪರು ಪ್ಲಾಸ್ಟಿಕ್ ಕವರಲ್ಲಿದ್ರೆ ಸಾಕು. ನಾನು ರೈನ್‌ಕೋಟ್ ಹಾಕೋದು ಬೆಳಿಗ್ಗೆ ಮಳೆ ಬಂದ್ರೆ ಮಾತ್ರ, ಗಾಡಿಯವ್ರು ಹಾಕೋ ಜಾಕೆಟ್ ಪ್ಯಾಂಟ್ ಎರಡು ಪೀಸಿಂದು, ಒಳಗೆ ಬೆವರಿ ಅದ್ರಲ್ಲೂ ಅರ್ಧ ನೆನೀತೀವಿ, ಅದಕ್ಕೇ ಕತ್ತಿನ ಜಿಪ್ ಸ್ವಲ್ಪ ತೆಗೆದಿಟ್ಟು ನಿಧಾನಕ್ಕೆ ತುಳೀತೀನಿ. ಕಂಬಳಿ ಕೊಪ್ಪೆ ತರ ಹೊದ್ಕಳ್ಳೋ ಪ್ಲಾಸ್ಟಿಕ್ ಪೋಂಚೋ ಬೇಡ, ಹಸ್ತ ಮಳೆ ಗಾಳಿಲಿ ಅದು ಮುಖದ ಮೇಲೆ ಬಂದು ನನಗೆ ಎರಡು ಸೆಕೆಂಡು ಬಿ.ಎಚ್. ರೋಡೇ ಕಾಣ್ಲಿಲ್ಲ. ಶೂಗೆ ಬದ್ಲು ಹಿಂದೆ ಪಟ್ಟಿ ಇರೋ ಪ್ಲಾಸ್ಟಿಕ್ ಸ್ಯಾಂಡಲ್, ಹವಾಯಿ ಚಪ್ಪಲಿ ಒದ್ದೆ ಪೆಡಲ್ ಮೇಲೆ ಜಾರುತ್ತೆ.

ಚಳಿಗೆ ದಪ್ಪ ಸ್ವೆಟರ್ ಹಾಕ್ಕಂಡು ಹೊರಡಬೇಡಿ, ಮನೆ ಬಿಡೋವಾಗ ಸ್ವಲ್ಪ ನಡುಗಬೇಕು, ಬಟವಾಡಿ ಬರೋ ಹೊತ್ತಿಗೆ ಸರಿ ಹೋಗುತ್ತೆ.

ದುಡ್ಡು ಖರ್ಚು ಮಾಡ್ಲೇಬೇಕು ಅಂತಿದ್ರೆ ಕತ್ತಲಿಗೆ ಮಾಡಿ. ಡಿಸೆಂಬರಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗಿರುತ್ತೆ, ಲಾರಿಯವ್ರಿಗೆ ಕಡುನೀಲಿ ಶರ್ಟ್ ಹಾಕಿರೋ ನೀವು ಡಾಂಬರಿನ ಒಂದು ತುಂಡು ಅಷ್ಟೆ. ಫ್ಲೋರೊಸೆಂಟ್ ಹಸಿರು ಹಳದಿ ಎಲ್ಲ ಹಗಲಿಗೆ ಚೆನ್ನಾಗಿ ಕಾಣುತ್ತೆ, ಅದು ಹೊಳೆಯೋದು ಬಿಸಿಲಿನ ನೇರಳಾತೀತ ಕಿರಣದಿಂದ, ರಾತ್ರಿ ಅದು ಬರೀ ತಿಳಿಬಣ್ಣದ ಬಟ್ಟೆ. ರಾತ್ರಿ ಬೇಕಾಗಿರೋದು ಹೆಡ್‌ಲೈಟ್ ಬಿದ್ರೆ ಬಂದ ದಾರೀಲೇ ಬೆಳಕು ವಾಪಸ್ ಕಳ್ಸೋ ಬೆಳ್ಳಿ ಪಟ್ಟಿ, ರಸ್ತೆ ಕೆಲಸದವ್ರ ಜಾಕೆಟ್ಟಲ್ಲಿ ಇರುತ್ತಲ್ಲ ಅದು. ಹಾರ್ಡ್‌ವೇರ್ ಅಂಗಡೀಲಿ ಆ ಜಾಕೆಟ್ಟೇ ಸಿಗುತ್ತೆ, ಕಮ್ಮಿ ರೇಟು. ಅದಕ್ಕಿಂತ ಒಳ್ಳೇದು ಎರಡೂ ಕಣಕಾಲಿಗೆ ಆ ಪಟ್ಟಿ ಕಟ್ಕಳ್ಳೋದು, ಮೇಲೆ ಕೆಳಗೆ ಆಡೋ ಎರಡು ಮಿಣುಕು ಕಂಡ್ರೆ ದೂರದಿಂದ್ಲೇ ಯಾರೋ ಸೈಕಲ್ ತುಳೀತಾವ್ರೆ ಅಂತ ಗೊತ್ತಾಗುತ್ತೆ. ನಾನು ಎಲಾಸ್ಟಿಕ್ ಪಟ್ಟಿಗೇ ಅದನ್ನ ಹೊಲಿಸಿಟ್ಟಿದೀನಿ, ಬಲಗಾಲಿಂದು ಚೈನಿಗೂ ಆಯ್ತು ಲಾರಿಗೂ ಆಯ್ತು. ಹಿಂದಿನ ಕೆಂಪು ಲೈಟ್ ಮಾತ್ರ ಬೇರೆ ಬೇಕೇ ಬೇಕು. ಹೆಲ್ಮೆಟ್ ಕಡ್ಡಾಯ ಇರೋದು ಮೋಟಾರ್ ಗಾಡಿಗಳಿಗೆ, ಆದ್ರೂ ಸೈಕಲ್ಲಿಂದೇ ಒಂದು ಹಾಕ್ಕಳಿ, ಬೈಕಿಂದು ಹಾಕ್ಕಂಡ್ರೆ ತಲೆ ಬೆಂದೋಗುತ್ತೆ. ಸಂಜೆ ಅಮಾನಿಕೆರೆ ಕಡೆಯಿಂದ ಬರೋರಾದ್ರೆ ಪವರ್ ಇಲ್ದಿರೋ ಬಿಳಿ ಗಾಜಿನ ಕನ್ನಡಕ ಒಂದಿರ್ಲಿ, ಮಳೆ ಬಿಟ್ಟ ದಿನ ಕಣ್ಣಿಗೆ ಹುಳ ಹೊಡೆಯುತ್ತೆ.

ಪ್ಯಾಡ್ ಇರೋ ಚಡ್ಡಿ 7 ಕಿಲೋಮೀಟರಿಗೆ ಬೇಕಿಲ್ಲ, ಸೀಟಿನ ಎತ್ತರ ಸರಿ ಇದ್ರೆ ಎರಡು ವಾರಕ್ಕೆ ಮೈ ಒಗ್ಗುತ್ತೆ. ನಂದು ಬೀರು ಸೇರಿದ್ದು ಈಗ ಹೊರಗೆ ಬರೋದು ದೇವರಾಯನದುರ್ಗಕ್ಕೆ ಹೋಗೋ ಭಾನುವಾರ ಮಾತ್ರ. ಅದನ್ನ ಹಾಕೋವಾಗ ಒಳಗೆ ಬೇರೆ ಚಡ್ಡಿ ಹಾಕಬಾರ್ದು, ನಾನು ಮೊದಲ ಮೂರು ತಿಂಗಳ ಭಾನುವಾರಗಳಲ್ಲಿ ಹಾಕ್ಕಂಡೇ ಹೋಗಿ ತೊಡೆಯೆಲ್ಲ ಉಜ್ಜಿ ಕೆಂಪಾಗ್ತಿತ್ತು, ಕೊಬ್ಬರಿಎಣ್ಣೆ ಹಚ್ಕಂಡು ಸುಮ್ನೆ ಕಂಪನೀನ ಬೈಕಂಡು ಕೂತಿದ್ದೆ.