ಚಳಿ ಬಿಡು, ಕಾಂಟ್ರಾಕ್ಟ್ ಓದು

"ಅಕ್ಕ, ಬೆಂಗಳೂರಿನಲ್ಲಿ ಪಿಎಚ್‌ಡಿ ಮುಗೀತು. ಜರ್ಮನಿಯ ಹೈಡಲ್‌ಬರ್ಗ್‌ನ ಒಂದು ಸೆಲ್ ಬಯಾಲಜಿ ಲ್ಯಾಬಿನಲ್ಲಿ ಎರಡು ವರ್ಷದ ಪೋಸ್ಟ್‌ಡಾಕ್ (ಪಿಎಚ್‌ಡಿ ಆದಮೇಲಿನ ಸಂಶೋಧನೆ ಕೆಲಸ) ಸಿಕ್ಕಿದೆ. ಅಲ್ಲಿ ಚಳಿ ಹೇಗೆ, ಊಟ ಹೇಗೆ, ಜರ್ಮನ್ ಬರದಿದ್ದರೆ ನಡೆಯುತ್ತಾ?" ಅಂತ ಕೇಳಿದ್ದೀಯ. ಅಕ್ಕ ಅಂದಮೇಲೆ ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ತಾನೇ?

ಚಳಿಗೆ ಜಾಕೆಟ್ ಇದೆ. ಅಕ್ಕಿ, ಬೇಳೆ, ಕರಿಬೇವು ಎಲ್ಲಾ ಸಿಗುತ್ತದೆ. ಕರಿಬೇವಿನ ಬೆಲೆ ನೋಡಿದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಲ್ಯಾಬಿನೊಳಗೆ ಇಂಗ್ಲಿಷ್ ಸಾಕು, ಕಚೇರಿಯ ಪತ್ರಗಳು ಜರ್ಮನ್‌ನಲ್ಲೇ ಬರುತ್ತವೆ. ಹದಿನಾಲ್ಕು ವರ್ಷದಲ್ಲಿ ಇವು ಯಾವುವೂ ನನ್ನ ನಿದ್ದೆ ಕೆಡಿಸಿಲ್ಲ. ಕೆಡಿಸಿದ್ದು ಕಾಂಟ್ರಾಕ್ಟಿನ ಕೊನೆಯ ತಾರೀಕು.

ಇಲ್ಲಿ 2007ರಿಂದ ಒಂದು ಕಾನೂನಿದೆ. ವಿಶ್ವವಿದ್ಯಾಲಯದವರು ಪಿಎಚ್‌ಡಿಗೆ ಮುಂಚೆ 6 ವರ್ಷ, ಆಮೇಲೆ 6 ವರ್ಷ ನಿನ್ನನ್ನು ತಾತ್ಕಾಲಿಕ ಕೆಲಸದಲ್ಲಿ ಇಟ್ಟುಕೊಳ್ಳಬಹುದು. ಮಕ್ಕಳಿದ್ದರೆ ಮಗುವಿಗೆ 2 ವರ್ಷದಂತೆ ಸೇರಿಸಬಹುದು. ಅದು ತುಂಬಿತೋ, ಖಾಯಂ ಕೆಲಸ ಬೇಕು. ಇಲ್ಲವೇ ಹೊರಗಿನ ಪ್ರಾಜೆಕ್ಟ್ ದುಡ್ಡಿನ ಮೇಲೆ ಮತ್ತೊಂದು ತಾತ್ಕಾಲಿಕ ಕೆಲಸ. ಖಾಯಂ ಅಂದರೆ ಹೆಚ್ಚಾಗಿ ಪ್ರೊಫೆಸರ್ ಹುದ್ದೆ. ಅವು ಎಷ್ಟಿರುತ್ತವೆ ಹೇಳು. ಈ ಕಾನೂನನ್ನು ತಿಳಿಸಿಕೊಡಲು ಸಚಿವಾಲಯದವರು ಒಂದು ಕಾರ್ಟೂನ್ ವಿಡಿಯೊ ಮಾಡಿದ್ದರು. ಅದರ ನಾಯಕಿ ಹಾನ್ನಾ ಅಂತ, ನಮ್ಮ ಹಾಗೇ ಬಯಾಲಜಿಯವಳು. ಹಳಬರು ಜಾಗ ಬಿಡದಿದ್ದರೆ ವ್ಯವಸ್ಥೆ ಕಟ್ಟಿಕೊಳ್ಳುತ್ತದೆ ಅಂತ ಅದರಲ್ಲಿತ್ತು, ಚರಂಡಿಯ ಮಾತಾಡಿದ ಹಾಗೆ. 2021ರಲ್ಲಿ ಸಾವಿರಾರು ಸಂಶೋಧಕರು 'ನಾನೇ ಹಾನ್ನಾ' ಅಂತ ಬರೆದು ಸಿಟ್ಟು ತೀರಿಸಿಕೊಂಡರು. ನಾನೂ ಬರೆದೆ.

ಇಲ್ಲಿನ ಗುಡ್ಡದ ಮೇಲಿನ ಇಎಂಬಿಎಲ್ ಹಲವು ದೇಶಗಳು ಸೇರಿ ನಡೆಸುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ, ಅದರ ನಿಯಮ ಬೇರೆ. ಆದರೂ ಅಲ್ಲಿ ಗ್ರೂಪ್ ಲೀಡರ್ ಆದವರಿಗೂ 9 ವರ್ಷವೇ ಮಿತಿ. ಅಲ್ಲಿಗೆ 1978ರಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಟ್, ಎರಿಕ್ ವೀಶೌಸ್ ಅನ್ನುವ ಇಬ್ಬರು ವಿಜ್ಞಾನಿಗಳು ಬಂದರು. ಇಬ್ಬರೂ ಒಟ್ಟಿಗೆ ಇಣುಕಬಹುದಾದ ಒಂದೇ ಮೈಕ್ರೋಸ್ಕೋಪಿನ ಮುಂದೆ ಕೂತು, ಯಾವ ಜೀನ್ ಕೆಟ್ಟರೆ ಹಣ್ಣಿನ ನೊಣದ ಮರಿಯ ಮೈಮೇಲಿನ ಯಾವ ಪಟ್ಟಿ ಮಾಯವಾಗುತ್ತದೆ ಅಂತ ನೋಡಿದರು. 1980ರಲ್ಲಿ ಪೇಪರ್ ಬಂತು, 1995ರಲ್ಲಿ ನೊಬೆಲ್. ಆದರೆ 1981ಕ್ಕೇ ಒಬ್ಬರು ಟ್ಯೂಬಿಂಗನ್‌ಗೆ, ಇನ್ನೊಬ್ಬರು ಪ್ರಿನ್ಸ್‌ಟನ್‌ಗೆ ಗಂಟುಮೂಟೆ ಕಟ್ಟಿಯಾಗಿತ್ತು. ಮೂರೇ ವರ್ಷ! ಅವರಿಗೆ ಸಾಕಾಯಿತು. ನನಗೆ ಸಾಕಾಗಲಿಲ್ಲ.

ಅಮ್ಮನಿಗೆ ನನ್ನ ಕೆಲಸ ಹೇಳುವಾಗ 'ಹೆಪ್ಪು ಹಾಕೋದು' ಅಂತಿದ್ದೆ. ಹಳೆ ಫ್ಲಾಸ್ಕಿನಿಂದ ಒಂಚೂರು ಜೀವಕೋಶ ತೆಗೆದು ಹೊಸ ಮೀಡಿಯಂಗೆ (ಕೋಶಗಳಿಗೆ ಆಹಾರವಾಗುವ ದ್ರವ) ಬಿಡುವುದು, 37 ಡಿಗ್ರಿಯಲ್ಲಿ ಬೆಚ್ಚಗಿಡುವುದು, ಎರಡು ಮೂರು ದಿನಕ್ಕೊಮ್ಮೆ ಮತ್ತೆ ಅದೇ. "ಹೆಪ್ಪೇ ಕೆಟ್ಟಿದ್ದರೆ?" ಅಂದಳು ಅಮ್ಮ. ಆಗಿದ್ದೂ ಅದೇ. ನನ್ನ ಮೊದಲ ಪೋಸ್ಟ್‌ಡಾಕ್, ಎರಡನೇ ವರ್ಷ. ಬೇರೆ ಲ್ಯಾಬಿನಿಂದ ಬಂದ ಕೋಶಗಳಲ್ಲಿ ಮೈಕೋಪ್ಲಾಸ್ಮಾ ಅನ್ನುವ ತೀರಾ ಸಣ್ಣ ಬ್ಯಾಕ್ಟೀರಿಯಾ ಇತ್ತು. ಮಾಮೂಲಿ ಬ್ಯಾಕ್ಟೀರಿಯಾ ಬಿದ್ದರೆ ಮೀಡಿಯಂ ರಾತ್ರೋರಾತ್ರಿ ಗಂಜಿಯ ಹಾಗೆ ಮಬ್ಬಾಗುತ್ತದೆ, ಬೈದು ಎಸೆಯಬಹುದು. ಇದು ಮಬ್ಬು ಮಾಡುವುದಿಲ್ಲ. ಸಾಮಾನ್ಯ ಮೈಕ್ರೋಸ್ಕೋಪಿಗೆ ಕಾಣುವುದಿಲ್ಲ. ಕೋಶಗೋಡೆಯೇ ಇಲ್ಲದ್ದರಿಂದ ಪೆನಿಸಿಲಿನ್‌ಗೂ ಜಗ್ಗುವುದಿಲ್ಲ. ಕೋಶಗಳು ಸುಮ್ನೆ ನಿಧಾನವಾಗಿ ಬೆಳೆಯುತ್ತಿದ್ದವು. ಮೀಡಿಯಂಗೆ ಹಾಕುವ ಸೀರಮ್ ಸರಿಯಿಲ್ಲ ಅಂದುಕೊಂಡೆ. ಒಂದು ಭಾನುವಾರ ಡಿಎನ್‌ಎಗೆ ಅಂಟುವ ನೀಲಿ ಬಣ್ಣ ಹಾಕಿ ನೋಡಿದೆ. ಕೋಶದ ಡಿಎನ್‌ಎ ಇರುವ ನ್ಯೂಕ್ಲಿಯಸ್ಸಿನ ಆಚೆ, ಕಪ್ಪಗಿರಬೇಕಾದ ಜಾಗದಲ್ಲೆಲ್ಲ ಗಸಗಸೆ ಚೆಲ್ಲಿದ ಹಾಗೆ ಚುಕ್ಕಿ. ಏಳು ತಿಂಗಳ ಡೇಟಾ ಕಸದ ಬುಟ್ಟಿಗೆ. ಕಾಂಟ್ರಾಕ್ಟ್ ಮಾತ್ರ ಏಳು ದಿನವೂ ಮುಂದೆ ಹೋಗಲಿಲ್ಲ. ಭಾನುವಾರ ಇಲ್ಲಿ ಅಂಗಡಿಗಳೆಲ್ಲ ಬಂದ್. ರೈಲ್ವೆ ಸ್ಟೇಷನ್ನಿನಲ್ಲಿ ಬ್ರೆಡ್ ಕೊಂಡು, ನೆಕ್ಕಾರ್ ನದಿ ದಂಡೆಯಲ್ಲಿ ಕೂತು ತಿಂದೆ.

ಅದಕ್ಕೇ ಹೇಳುವುದು, ಸಹಿ ಹಾಕುವ ಮುಂಚೆ ಬಾಸ್‌ಗೆ ಇಮೇಲ್ ಹಾಕು. ಎರಡು ವರ್ಷದ ಮೇಲೆ ದುಡ್ಡಿದೆಯಾ, ಇದ್ದರೆ ಯಾವ ಪ್ರಾಜೆಕ್ಟಿನದು ಅಂತ ಕೇಳು. ಹಂಬೋಲ್ಟ್ ಅಥವಾ ಮೇರಿ ಕ್ಯೂರಿ ಫೆಲೋಶಿಪ್‌ಗೆ ಅರ್ಜಿ ಹಾಕಲು ಬಿಡುತ್ತಾರಾ ಅದನ್ನೂ ಕೇಳು. ಸ್ವಂತ ದುಡ್ಡಿದ್ದವರ ಮಾತಿಗೆ ಲ್ಯಾಬಿನಲ್ಲಿ ತೂಕ ಜಾಸ್ತಿ. ಹಿಂದಿನ ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ ಅಂತ ನೀನೇ ಹುಡುಕಿ, ಅವರಲ್ಲಿ ಒಬ್ಬರಿಗಾದರೂ ಫೋನ್ ಮಾಡು. ಬಾಸ್ ಮುಂದೆ ಯಾರೂ ನಿಜ ಹೇಳುವುದಿಲ್ಲ. ಮತ್ತೆ ಮೈಕೋಪ್ಲಾಸ್ಮಾ ಟೆಸ್ಟ್ ಎಷ್ಟು ದಿನಕ್ಕೊಮ್ಮೆ ಮಾಡುತ್ತಾರೆ ಅಂತ ಕೇಳು. "ಅದೆಲ್ಲ ಇಲ್ಲಿ ಬರಲ್ಲ" ಅಂದರೆ ಎಚ್ಚರ.

ನಾನೇನಾದೆ ಅಂತೀಯಾ? ಈಗ ಮೈಕ್ರೋಸ್ಕೋಪ್ ವಿಭಾಗ ನೋಡಿಕೊಳ್ಳುತ್ತೇನೆ. ಖಾಯಂ ಕೆಲಸ. ಪೇಪರುಗಳಲ್ಲಿ ಹೆಸರು ಬಹಳ ಸಲ ಕೊನೆಯ ಧನ್ಯವಾದದ ಸಾಲಿನಲ್ಲಿರುತ್ತದೆ. ಮೊದಮೊದಲು ಚುಚ್ಚುತ್ತಿತ್ತು. ಈಗ ಸಂಜೆ ಆರಕ್ಕೆ ಮನೆಯಲ್ಲಿರುತ್ತೇನೆ, ಅದೂ ಒಂದು ಲೆಕ್ಕ ಅಲ್ವಾ?

ಬಾಸ್‌ನ ಉತ್ತರ ಬಂದ ಮೇಲೆ ಬರೆ, ಮನೆ ಹುಡುಕುವ ಪುರಾಣ ಆಮೇಲೆ ಹೇಳುತ್ತೇನೆ. ಅಂದಹಾಗೆ, ಅಮ್ಮ ಕಟ್ಟಿಕೊಟ್ಟರೂ ತುಪ್ಪ, ಪೇಡ ತರಬೇಡ. ಹಾಲಿನ ಪದಾರ್ಥ ಕಸ್ಟಮ್ಸ್‌ನಲ್ಲಿ ಬಿಡುವುದಿಲ್ಲ. ಹೆಪ್ಪಿಗೆ ಇಲ್ಲಿನ ಸಾದಾ ಯೋಗರ್ಟ್ ಸಾಕು, ಮೊಸರು ಗಟ್ಟಿಯಾಗೇ ಆಗುತ್ತದೆ.