ದೊಡ್ಡ ಮೀನಿನ ತೊಟ್ಟಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಮನೆಯಲ್ಲಿ ಆರು ಅಡಿಯ ಸಿಹಿನೀರಿನ ಅಕ್ವೇರಿಯಂ ಇಡುವ ಬಗ್ಗೆ ಈ ಸಲ ಹೆಚ್ಚು ಪತ್ರಗಳು ಬಂದಿವೆ. ಹೆಚ್ಚಿನವರು ಕೇಳಿರುವುದು ಒಂದೇ ಅಳತೆ: ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ಕೆಳಗಿನ ಲೆಕ್ಕಗಳೆಲ್ಲ ಆ ಅಳತೆಗೇ ಹಾಕಿದವು. ಮೀನು ಕೊನೆಗೆ ಕೊಳ್ಳುವ ವಸ್ತು. ನೆಲ, ಗಾಜು, ನೀರು ಇವು ಮೊದಲು ಇತ್ಯರ್ಥವಾಗಬೇಕು.

ಪ್ರಶ್ನೆ: ನಮ್ಮದು ಮೂರನೇ ಮಹಡಿಯ ಫ್ಲಾಟ್. ಹಾಲ್‌ನಲ್ಲಿ ಇಂಥ ತೊಟ್ಟಿ ಇಟ್ಟರೆ ನೆಲ ತಡೆಯುತ್ತದೆಯೇ? (ಬೆಂಗಳೂರು)

ಮೊದಲು ತೂಕ ನೋಡಿ. 24 ಘನ ಅಡಿ ಎಂದರೆ 680 ಲೀಟರ್. ಮೇಲೆ ಎರಡು ಇಂಚು ಖಾಲಿ ಬಿಟ್ಟು, ಜಲ್ಲಿ ಕಲ್ಲುಗಳ ಜಾಗ ಕಳೆದರೆ ನೀರು ಸುಮಾರು 600 ಲೀಟರ್, ಅಂದರೆ 600 ಕೆಜಿ. 12 ಮಿಮೀ ಗಾಜಿನ ತೊಟ್ಟಿ ಬರಿದಾಗಿದ್ದಾಗಲೇ 120 ಕೆಜಿ ತೂಗುತ್ತದೆ. ಜಲ್ಲಿ, ಕಲ್ಲು, ಕಬ್ಬಿಣದ ಸ್ಟ್ಯಾಂಡ್, ಕೆಳಗಿನ ಫಿಲ್ಟರ್ ತೊಟ್ಟಿ ಸೇರಿದರೆ ಒಂದು ಟನ್ ಹತ್ತಿರ ಬರುತ್ತದೆ. ಇಷ್ಟೂ ಭಾರ ಬೀಳುವುದು ಹನ್ನೆರಡು ಚದರ ಅಡಿಯ ಮೇಲೆ.

ನಮ್ಮ ದೇಶದ ಕಟ್ಟಡ ಮಾನದಂಡದಲ್ಲಿ ವಾಸದ ಕೋಣೆಗೆ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ 200 ಕೆಜಿ. ತೊಟ್ಟಿಯ ಕೆಳಗೆ ಅದರ ನಾಲ್ಕು ಪಟ್ಟಿಗಿಂತ ಹೆಚ್ಚು ಬೀಳುತ್ತದೆ. ಹಾಗೆಂದು ಸ್ಲ್ಯಾಬ್ ಕುಸಿದೇ ಬಿಡುತ್ತದೆ ಎಂದಲ್ಲ, ಏಕೆಂದರೆ ಕೋಣೆಯ ಉಳಿದ ಭಾಗ ಖಾಲಿಯೇ ಇರುತ್ತದೆ. ಆದರೆ ಎಲ್ಲಿ ಇಡುತ್ತೀರಿ ಎಂಬುದು ಬಹಳ ಮುಖ್ಯ. ಹಾಲ್‌ನ ನಡುವೆ ಬೇಡ, ಹೊರಚಾಚಿದ ಬಾಲ್ಕನಿಯಲ್ಲಂತೂ ಬೇಡವೇ ಬೇಡ. ಕೆಳಗೆ ಬೀಮ್ ಹಾದುಹೋಗುವ ಗೋಡೆಗೆ ಒತ್ತಿಕೊಂಡು, ಸಾಧ್ಯವಾದರೆ ಕಂಬದ ಸಮೀಪ ಇಡಿ. ಈಗಿನ ಫ್ಲಾಟ್‌ಗಳಲ್ಲಿ ಗೋಡೆ ಭಾರ ಹೊರುವುದಿಲ್ಲ, ಬೀಮ್ ಹೊರುತ್ತದೆ. ಅದು ಎಲ್ಲಿದೆ ಎಂಬುದು ಕೆಳಮನೆಯವರ ಚಾವಣಿ ನೋಡಿದರೆ ಸಾಮಾನ್ಯವಾಗಿ ತಿಳಿಯುತ್ತದೆ. ಆದರೂ ಕಟ್ಟಡದ ನಕ್ಷೆಯನ್ನು ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸದೆ ಹಣ ಕೊಡಬೇಡಿ. ಒಂದು ಟನ್ ಭಾರದ ಮಾತಿನಲ್ಲಿ ಊಹೆಗೆ ಜಾಗವಿಲ್ಲ.

ಇನ್ನೊಂದು ವಿಷಯವನ್ನು ಬಹಳ ಮಂದಿ ಮರೆಯುತ್ತಾರೆ. ಸ್ಟ್ಯಾಂಡಿನ ಕಾಲು ಬರುವ ಟೈಲ್ ಮೇಲೆ ನಾಣ್ಯದಿಂದ ಬಡಿದು ನೋಡಿ. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾರೆ ತುಂಬಿಲ್ಲ ಎಂದರ್ಥ. ಆರು ಕಾಲಿನ ಸ್ಟ್ಯಾಂಡಿನಲ್ಲಿ ಒಂದೊಂದು ಕಾಲೂ 150 ಕೆಜಿ ಮೀರಿ ಒತ್ತುವುದರಿಂದ ಅಂಥ ಟೈಲ್ ಬಿರಿಯುತ್ತದೆ, ಒಂದು ಕಾಲು ಕುಸಿಯುತ್ತದೆ, ತಿರುಚಿದ ಸ್ಟ್ಯಾಂಡ್ ಗಾಜನ್ನೂ ತಿರುಚುತ್ತದೆ. ಕಾಲುಗಳ ಕೆಳಗೆ 19 ಮಿಮೀ ಮರೀನ್ ಪ್ಲೈವುಡ್ ಉದ್ದಕ್ಕೂ ಹಾಸಿ ಭಾರ ಹಂಚಿ. ಮಟ್ಟಗೋಲನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ. ತೊಟ್ಟಿಯ ಕಾಲುಭಾಗಕ್ಕೆ ನೀರು ತುಂಬಿದ ಮೇಲೆ ಮತ್ತೊಮ್ಮೆ ನೋಡಿ, ಆಗಲೂ ಸರಿಯಿದ್ದರೆ ಮಾತ್ರ ಮುಂದೆ ತುಂಬಿ.

ಪ್ರಶ್ನೆ: ಗಾಜಿನ ಅಂಗಡಿಯವರು 8 ಮಿಮೀ ಸಾಕು, ಖರ್ಚು ಕಡಿಮೆಯಾಗುತ್ತದೆ ಎನ್ನುತ್ತಾರೆ. ಒಪ್ಪಬಹುದೇ? (ಹುಬ್ಬಳ್ಳಿ)

ಒಪ್ಪಬೇಡಿ. ಎರಡು ಅಡಿ ನೀರು ಆರು ಅಡಿ ಉದ್ದದ ಮುಂದಿನ ಗಾಜನ್ನು ಹೊರಕ್ಕೆ ತಳ್ಳುವ ಬಲ ಸುಮಾರು 330 ಕೆಜಿ ಭಾರಕ್ಕೆ ಸಮ. ಇಷ್ಟು ಉದ್ದಕ್ಕೆ 8 ಮಿಮೀ ಗಾಜು ಕಣ್ಣಿಗೆ ಕಾಣುವಷ್ಟು ಬಾಗುತ್ತದೆ. ಒಡೆಯುವುದಕ್ಕಿಂತ ಮೊದಲು ಮೂಲೆಯ ಸಿಲಿಕೋನ್ ಎದ್ದುಬರುತ್ತದೆ, ಅದೂ ಎಷ್ಟೋ ಸಲ ತಿಂಗಳುಗಳ ನಂತರ. 12 ಮಿಮೀ ಹಾಕಿಸಿ. ಮೇಲಂಚಿನ ಒಳಗೆ ಉದ್ದಕ್ಕೂ ಮೂರು ಇಂಚಿನ ಗಾಜಿನ ಪಟ್ಟಿ ಮತ್ತು ಎರಡು ಅಡ್ಡಪಟ್ಟಿ ಅಂಟಿಸಲು ಹೇಳಿ.

ಸಿಲಿಕೋನ್ ಒಣಗುವಾಗ ವಿನೆಗರ್ ವಾಸನೆ ಬರುವ, ಅಕ್ವೇರಿಯಂಗೆಂದು ಬರೆದಿರುವ ಜಾತಿಯದೇ ಇರಲಿ. ಬಚ್ಚಲುಮನೆಗೆ ಬಳಸುವ, ಬೂಷ್ಟು ಹಿಡಿಯದಂತೆ ಔಷಧ ಸೇರಿಸಿದ ಸಿಲಿಕೋನ್ ಮೀನಿಗೆ ವಿಷ. ಜೋಡಿಸುವಾಗ ಗಾಜನ್ನು ಒತ್ತಿ ಸಿಲಿಕೋನ್ ಪೂರ್ತಿ ಹೊರಬರುವಂತೆ ಮಾಡುವುದು ಸಾಮಾನ್ಯ ತಪ್ಪು. ಎರಡು ಗಾಜುಗಳ ನಡುವೆ ಒಂದರಿಂದ ಎರಡು ಮಿಮೀ ಪದರ ಉಳಿಯಬೇಕು. ಒಂದು ವಾರ ಒಣಗಲಿ. ಆಮೇಲೆ ಅರ್ಧ ತುಂಬಿ ಒಂದು ದಿನ, ಪೂರ್ತಿ ತುಂಬಿ ಮೂರು ದಿನ ಬಿಟ್ಟು ಸೋರಿಕೆ ನೋಡಿ. ಪೈಪಿಗೆ ತೂತು ಬೇಕಿದ್ದರೆ ಅಂಟಿಸುವ ಮೊದಲೇ ಕೊರೆಸಿ. ಕಾಯಿಸಿ ಗಟ್ಟಿಗೊಳಿಸಿದ (ಟಫನ್ಡ್) ಗಾಜಿಗಂತೂ ತೂತು ಹಾಕಲಾಗದು, ಪುಡಿಪುಡಿಯಾಗುತ್ತದೆ. ತಳದ ಗಾಜು ಚಪ್ಪಟೆಯಾಗಿ ಕೂರುವ ತೊಟ್ಟಿಯಾದರೆ ಅಡಿಗೆ ಅರ್ಧ ಇಂಚಿನ ಥರ್ಮೋಕೋಲ್ ಹಾಳೆ ಹಾಸಿ.

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ, ಲೀಟರಿಗೆ ಮಿಲಿಗ್ರಾಂ) 900. ಮನೆಗೆ ಸಾಫ್ಟ್‌ನರ್ ಹಾಕಿದ್ದೇವೆ. ಆ ನೀರು ಆಗುತ್ತದೆಯೇ, ಆರ್‌ಒ ನೀರೇ ಬೇಕೇ? (ತುಮಕೂರು)

ಉಪ್ಪು ಹಾಕುವ ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಬಟ್ಟೆ ಒಗೆಯಲು ಅದು ಒಳ್ಳೆಯದು, ಮೀನಿಗೆ ಲಾಭವಿಲ್ಲ. ಸಾಫ್ಟ್‌ನರ್‌ಗೆ ಮುಂಚಿನ ನಲ್ಲಿಯಿಂದ ನೀರು ಹಿಡಿಯಿರಿ. ಬರೀ ಆರ್‌ಒ ನೀರೂ ಬೇಡ. ಖನಿಜವೇ ಇಲ್ಲದ ನೀರಿನ ಪಿಎಚ್ (ಆಮ್ಲೀಯತೆಯ ಅಳತೆ, 7ಕ್ಕಿಂತ ಕಡಿಮೆಯಾದರೆ ನೀರು ಆಮ್ಲೀಯ) ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಒಂದು ಭಾಗ ಬೋರ್ ನೀರಿಗೆ ಎರಡು ಭಾಗ 50 ಟಿಡಿಎಸ್‌ನ ಆರ್‌ಒ ನೀರು ಬೆರೆಸಿದರೆ 330ರ ಸುಮಾರಿಗೆ ಇಳಿಯುತ್ತದೆ. ಆದರೆ ವಾರವಾರವೂ ನೂರು ಲೀಟರ್ ಆರ್‌ಒ ನೀರು ಮಾಡುವುದು, ಅದಕ್ಕೂ ಹೆಚ್ಚು ನೀರು ಚರಂಡಿಗೆ ಬಿಡುವುದು ಬರದ ಸೀಮೆಯಲ್ಲಿ ನಮಗೆ ಸರಿ ಕಾಣುವುದಿಲ್ಲ. ಗಡಸು ನೀರನ್ನೇ ಇಷ್ಟಪಡುವ ಮೀನು ಆರಿಸಿಕೊಳ್ಳುವುದು ಜಾಣತನ: ಮೋಲಿ, ಪ್ಲಾಟಿ, ಇಲ್ಲವೇ ಮಲಾವಿ ಸರೋವರದ ಸಿಕ್ಲಿಡ್‌ಗಳು. ಮಲಾವಿ ಮೀನುಗಳನ್ನು ಮಾತ್ರ ಬೇರೆ ಜಾತಿಯ ಜೊತೆ ಬೆರೆಸಬೇಡಿ, ಅವು ಜಗಳಗಂಟಿಗಳು.

ಕಾವೇರಿ ಅಥವಾ ಪುರಸಭೆಯ ನೀರಾದರೆ ಕ್ಲೋರಿನ್ ತೆಗೆಯಲೇಬೇಕು. ಅಂಗಡಿಯ ಚಿಕ್ಕ ಬಾಟಲಿಗಳು ದೊಡ್ಡ ತೊಟ್ಟಿಗೆ ದುಬಾರಿ. ಸೋಡಿಯಂ ಥಯೋಸಲ್ಫೇಟ್ ಹರಳು 100 ಗ್ರಾಂ ತೂಗಿ, ಒಟ್ಟು ಒಂದು ಲೀಟರ್ ಆಗುವಂತೆ ಶುದ್ಧ ನೀರಿನಲ್ಲಿ ಕರಗಿಸಿಡಿ. 100 ಲೀಟರ್ ಹೊಸ ನೀರಿಗೆ ಅದರ 15 ಮಿಲಿ ಸಾಕು. ಟ್ಯಾಂಕರ್ ನೀರಿಗೆ ಕೆಲವೊಮ್ಮೆ ಬ್ಲೀಚಿಂಗ್ ಪುಡಿ ಹೆಚ್ಚಾಗಿ ಬಿದ್ದಿರುತ್ತದೆ. ಮೂಗಿಗೆ ವಾಸನೆ ಬಡಿದರೆ ಇಮ್ಮಡಿ ಹಾಕಿ.

ಪ್ರಶ್ನೆ: ಬಾವಿ ನೀರು ತುಂಬಿ ಮೂರನೇ ದಿನಕ್ಕೆ 25 ಮೀನು ಬಿಟ್ಟೆವು. ನೀರು ಸ್ಫಟಿಕದಂತಿದೆ, ಆದರೂ ಹನ್ನೆರಡು ದಿನದಲ್ಲಿ ಅರ್ಧ ಸತ್ತವು. ಅಂಗಡಿಯವರು ನೀರು ಪೂರ್ತಿ ಬದಲಿಸಿ, ಫಿಲ್ಟರ್ ತೊಳೆಯಿರಿ ಎಂದಿದ್ದಾರೆ. (ಮಂಗಳೂರು)

ದಯವಿಟ್ಟು ಅವೆರಡನ್ನೂ ಮಾಡಬೇಡಿ. ನಿಮ್ಮ ಮೀನು ಸತ್ತದ್ದು ಕಣ್ಣಿಗೆ ಕಾಣದ ವಿಷದಿಂದ ಎಂಬುದು ಹೆಚ್ಚು ಸಂಭವ. ಮೀನಿನ ಉಸಿರು, ಹಿಕ್ಕೆ, ಉಳಿದ ಆಹಾರ ಎಲ್ಲದರಿಂದಲೂ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜು, ಸೆರಾಮಿಕ್ ತುಂಡುಗಳ ಮೇಲೆ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಮೂರು ದಿನದ ತೊಟ್ಟಿಯಲ್ಲಿ ಅವು ಇರುವುದೇ ಇಲ್ಲ.

ನಿಮ್ಮ ಕಡೆ ಇನ್ನೊಂದು ತೊಡಕಿದೆ. ಮುರಕಲ್ಲಿನ ನೆಲದ ಬಾವಿ ನೀರು ಬಹಳ ಮೆದು, ಸ್ವಲ್ಪ ಆಮ್ಲೀಯ, ಪಿಎಚ್ ಕುಸಿಯದಂತೆ ತಡೆಯುವ ಕಾರ್ಬೊನೇಟ್ ಇಲ್ಲವೆನ್ನುವಷ್ಟು ಕಡಿಮೆ. ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟಿ ಇರುವ ಕಾರ್ಬೊನೇಟನ್ನೂ ತಿಂದುಬಿಡುತ್ತದೆ. ಪಿಎಚ್ 6ಕ್ಕಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾದ ಕೆಲಸ ಹೆಚ್ಚುಕಡಿಮೆ ನಿಲ್ಲುತ್ತದೆ. ಅಮೋನಿಯಾ ಕೂಡುತ್ತಲೇ ಹೋಗುತ್ತದೆ.

ಇಲ್ಲಿ ಎಚ್ಚರ ಬೇಕು. ಆಮ್ಲೀಯ ನೀರಿನಲ್ಲಿ ಅಮೋನಿಯಾದ ಬಹುಪಾಲು ಅಷ್ಟು ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. 28 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷದ ರೂಪ ನೂರಕ್ಕೆ ಒಂದು ಪಾಲೂ ಇರದು, ಪಿಎಚ್ 8ಕ್ಕೆ ಏರಿದರೆ ಆರು ಪಾಲು ದಾಟುತ್ತದೆ. ಆದ್ದರಿಂದ ಪಿಎಚ್ ಕಡಿಮೆಯಿದೆ ಎಂದು ಗಾಬರಿಯಿಂದ ಒಂದು ಮುಷ್ಟಿ ಅಡಿಗೆ ಸೋಡಾ ಸುರಿದರೆ ಉಳಿದ ಮೀನೂ ಒಂದು ಗಂಟೆಯಲ್ಲಿ ಹೋದೀತು.

ಮೊದಲು ಆಹಾರ ನಿಲ್ಲಿಸಿ. ನಾಲ್ಕೈದು ದಿನ ದಿನಕ್ಕೆ 150 ಲೀಟರಿನಂತೆ ನೀರು ಬದಲಿಸಿ ಅಮೋನಿಯಾವನ್ನು ತೆಳುವಾಗಿಸಿ. 300 ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ನೈಟ್ರೈಟ್ ಕಿವಿರಿನೊಳಗೆ ನುಗ್ಗುವುದನ್ನು ತಡೆಯುತ್ತದೆ. ಪ್ರತಿ ಸಲ ನೀರು ಬದಲಿಸುವಾಗ ಹೊರಹೋದ ನೀರಿನ ಪಾಲಿನಷ್ಟು ಉಪ್ಪು, ಅಂದರೆ 75 ಗ್ರಾಂ, ಮತ್ತೆ ಸೇರಿಸಿ. ಹನಿ ಹಾಕಿ ನೋಡುವ ಕಿಟ್‌ನಲ್ಲಿ ಅಮೋನಿಯಾ ಸೊನ್ನೆಯ ಹತ್ತಿರ ಬಂದ ಮೇಲೆಯೇ ಕಾರ್ಬೊನೇಟ್ ಏರಿಸಬೇಕು. 100 ಲೀಟರಿಗೆ 5 ಗ್ರಾಂ ಅಡಿಗೆ ಸೋಡಾ ಹಾಕಿದರೆ ಕಾರ್ಬೊನೇಟ್ ಗಡಸುತನ ಲೀಟರಿಗೆ 30 ಮಿಲಿಗ್ರಾಂನಷ್ಟು ಏರುತ್ತದೆ. ನಿಮ್ಮ 600 ಲೀಟರಿಗೆ 30 ಗ್ರಾಂ, ಅದನ್ನೂ ಮೂರು ದಿನಕ್ಕೆ ಹಂಚಿ. ಮುಂದಕ್ಕೆ ಫಿಲ್ಟರಿನಲ್ಲಿ ಒಂದು ಜಾಲಿಚೀಲದಷ್ಟು ತೊಳೆದ ಚಿಪ್ಪಿನ ಚೂರು ಇಟ್ಟರೆ ಅದು ಬೇಕಾದಷ್ಟೇ ಕರಗುತ್ತಾ ಪಿಎಚ್ ಕಾಯುತ್ತದೆ. ಕಡಲತೀರದವರಿಗೆ ಚಿಪ್ಪಿಗೇನೂ ಬರವಿಲ್ಲ.

ಹೊಸದಾಗಿ ಶುರು ಮಾಡುವವರು ಮೀನಿಲ್ಲದೆಯೇ ತೊಟ್ಟಿ ಹದಗೊಳಿಸಿ. ಪ್ರಯೋಗಶಾಲೆ ದರ್ಜೆಯ ಅಮೋನಿಯಂ ಕ್ಲೋರೈಡ್ 4 ಗ್ರಾಂ ಹಾಕಿದರೆ 600 ಲೀಟರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಬರುತ್ತದೆ. ಬೆಸುಗೆಯವರ ನವಸಾಗರವೂ ಅದೇ ವಸ್ತು, ಆದರೆ ಅದರ ಶುದ್ಧತೆ ನಂಬುವಂತಿಲ್ಲ. ಅಮೋನಿಯಾ ಇಳಿದಾಗಲೆಲ್ಲ ಮತ್ತೆ ಹಾಕಿ. ಹಾಕಿದ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದ ದಿನ ತೊಟ್ಟಿ ಸಿದ್ಧ. ಪರಿಚಯದವರ ಆರೋಗ್ಯವಂತ ತೊಟ್ಟಿಯಿಂದ ಹಳೆಯ ಸ್ಪಂಜು ಸಿಕ್ಕರೆ ಆರು ವಾರದ ಕೆಲಸ ಎರಡಕ್ಕೆ ಇಳಿದೀತು. ಫಿಲ್ಟರ್ ಕಟ್ಟಿಕೊಂಡಾಗ ತೊಟ್ಟಿಯಿಂದಲೇ ತೆಗೆದ ಬಕೆಟ್ ನೀರಿನಲ್ಲಿ ಅದ್ದಿ ಹಿಂಡಿ. ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ.

ಪ್ರಶ್ನೆ: ರಾತ್ರಿ ಕರೆಂಟ್ ಹೋದಾಗ ಕೆಳಗಿನ ಸಂಪ್ ತುಂಬಿ ಹಾಲ್ ತುಂಬ ನೀರು. ಏನು ತಪ್ಪಾಯಿತು? (ಶಿವಮೊಗ್ಗ)

ಸಂಪ್ ಎಂದರೆ ಇಲ್ಲಿ ಸ್ಟ್ಯಾಂಡಿನೊಳಗಿನ ಫಿಲ್ಟರ್ ತೊಟ್ಟಿ. ಪಂಪ್ ನಿಂತಾಗ ನೀರನ್ನು ಮೇಲಕ್ಕೆ ತರುವ ಪೈಪಿನಲ್ಲೇ ನೀರು ಹಿಂದಕ್ಕೆ ಹರಿದಿದೆ. ಪೈಪಿನ ಬಾಯಿ ನೀರಿನ ಮಟ್ಟದಿಂದ ಆರು ಇಂಚು ಕೆಳಗಿದ್ದರೆ ಆರು ಇಂಚು ನೀರೂ, ಅಂದರೆ 170 ಲೀಟರ್, ಕೆಳಗಿಳಿಯುತ್ತದೆ. ಆ ಪೈಪಿಗೆ ನೀರಿನ ಮಟ್ಟದಿಂದ ಅರ್ಧ ಇಂಚು ಕೆಳಗೆ 6 ಮಿಮೀ ತೂತು ಕೊರೆಯಿರಿ. ಮಟ್ಟ ಅಲ್ಲಿಗಿಳಿದ ಕೂಡಲೇ ಗಾಳಿ ನುಗ್ಗಿ ಹರಿವು ತುಂಡಾಗುತ್ತದೆ. ತೂತಿಗೆ ಪಾಚಿ ಕಟ್ಟುತ್ತದೆ, ವಾರಕ್ಕೊಮ್ಮೆ ಕಡ್ಡಿ ಆಡಿಸಿ. ನಾನ್-ರಿಟರ್ನ್ ವಾಲ್ವ್ ಒಂದನ್ನೇ ನೆಚ್ಚಬೇಡಿ, ಒಂದು ಮರಳಿನ ಕಾಳು ಸಿಕ್ಕಿದರೂ ಅದು ಮುಚ್ಚುವುದಿಲ್ಲ. ಪಂಪ್ ಓಡುತ್ತಿರುವಾಗ ಸಂಪಿನಲ್ಲಿ ಕನಿಷ್ಠ 60 ಲೀಟರ್ ಜಾಗ ಖಾಲಿ ಇರಲಿ.

ಇದರ ತಿರುವು ಮುರುವಾದ ಪ್ರವಾಹವೂ ಉಂಟು. ಇಳಿಯುವ ಪೈಪಿಗೆ ಎಲೆಯೋ ಸತ್ತ ಮೀನೋ ಅಡ್ಡವಾದರೆ ಪಂಪ್ ಕೆಳಗಿನ ನೀರನ್ನೆಲ್ಲ ಮೇಲೆತ್ತುತ್ತದೆ. ಮೇಲಿನ ತೊಟ್ಟಿಯ ಒಂದು ಇಂಚು ಎಂದರೆ 28 ಲೀಟರ್. ಎರಡು ಇಂಚು ಖಾಲಿ ಬಿಟ್ಟಿದ್ದರೆ ಸಂಪಿನೊಳಗೆ ಪಂಪ್ ಇರುವ ವಿಭಾಗದಲ್ಲಿ 50 ಲೀಟರಿಗಿಂತ ಹೆಚ್ಚು ನೀರು ಇರಬಾರದು. ಗಂಟೆಗೆ 3000 ಲೀಟರ್ ಹರಿವಿಗೆ ಒಂದೂವರೆ ಇಂಚಿನ ಇಳಿಪೈಪು, ಪಕ್ಕದಲ್ಲಿ ಅಷ್ಟೇ ಗಾತ್ರದ ತುರ್ತು ಪೈಪು ಇರಲಿ. ತಂತಿಗಳನ್ನು ಪ್ಲಗ್‌ಗಿಂತ ಕೆಳಗೆ ಜೋತುಬಿಟ್ಟು ಮೇಲೇರಿಸಿ, ಆಗ ಜಾರಿದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆಯೇ ಹೊರತು ಸ್ವಿಚ್‌ಬೋರ್ಡಿಗೆ ಹೋಗುವುದಿಲ್ಲ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಅದನ್ನು ಕಡಿಯುವ ಸ್ವಿಚ್) ಇಲ್ಲದೆ ಒದ್ದೆ ಕೈಯನ್ನು ತೊಟ್ಟಿಗೆ ಹಾಕಲೇಬೇಡಿ.

ಪ್ರಶ್ನೆ: ಬೇಸಿಗೆಯಲ್ಲಿ ನೀರು 34 ಡಿಗ್ರಿ ಮುಟ್ಟುತ್ತದೆ, ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಐಸ್ ಹಾಕಬಹುದೇ? (ಕಲಬುರಗಿ)

ಐದು ಕೆಜಿ ಐಸ್ 600 ಲೀಟರನ್ನು ಒಂದು ಡಿಗ್ರಿಯೂ ಇಳಿಸುವುದಿಲ್ಲ. ನಿಮ್ಮೂರಿನ ಒಣಹವೆಯೇ ನಿಮಗೆ ಅನುಕೂಲ. ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲ್ಮೈಗೆ ಓರೆಯಾಗಿ ಎರಡು ಚಿಕ್ಕ ಫ್ಯಾನ್ ಬೀಸಿಸಿದರೆ ಆವಿಯ ಜೊತೆ ಮೂರು ಡಿಗ್ರಿಯಷ್ಟು ಶಾಖ ಹೋಗುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಇದು ಇಷ್ಟು ಕೆಲಸ ಮಾಡುವುದಿಲ್ಲ. ಆವಿಯಾದಷ್ಟನ್ನು ಆರ್‌ಒ ನೀರಿನಿಂದಲೇ ತುಂಬಿ, ಏಕೆಂದರೆ ನೀರು ಆವಿಯಾದರೂ ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. ಬಿಸಿ ನೀರು ಹಿಡಿದಿಡುವ ಆಮ್ಲಜನಕ ಕಡಿಮೆ: 25 ಡಿಗ್ರಿಯಲ್ಲಿ ಲೀಟರಿಗೆ 8 ಮಿಲಿಗ್ರಾಂ ದಾಟಿದರೆ, 34ರಲ್ಲಿ 7ರ ಸುಮಾರು. ಮೀನಿಗೆ ಬೇಕಾದದ್ದು ಮಾತ್ರ ಹೆಚ್ಚುತ್ತದೆ. ಏರ್ ಪಂಪ್ ರಾತ್ರಿಯಿಡೀ ಓಡಲಿ, ಅದನ್ನು ಇನ್ವರ್ಟರ್ ಲೈನಿಗೆ ಸೇರಿಸಿ. ಆಹಾರ ಅರ್ಧಕ್ಕಿಳಿಸಿ, ಬೆಳಗಿನ ತಂಪಿನಲ್ಲೇ ಕೊಡಿ.

ಪ್ರಶ್ನೆ: ಅಂಗಡಿಯಲ್ಲಿ ಮೂರಿಂಚಿನ ರೆಡ್‌ಟೇಲ್ ಕ್ಯಾಟ್‌ಫಿಷ್, ಅರೋವಾನಾ, ಸಕರ್ ಮೀನು ತೋರಿಸಿದ್ದಾರೆ. ಆರು ಅಡಿಗೆ ಸಾಕಲ್ಲವೇ? (ದಾವಣಗೆರೆ)

ಸಾಲದು. ರೆಡ್‌ಟೇಲ್ ಮೂರು ಅಡಿ ಮೀರಿ ಬೆಳೆಯುತ್ತದೆ. ಸಿಲ್ವರ್ ಅರೋವಾನಾ ಮೂರಡಿಯ ಹತ್ತಿರ ಬರುತ್ತದೆ, ಎರಡಡಿ ಅಗಲದಲ್ಲಿ ಅದಕ್ಕೆ ತಿರುಗಲೂ ಆಗದು. ಸಕರ್ ಒಂದಡಿ ದಾಟಿ, ಪಾಚಿ ತಿನ್ನುವುದಕ್ಕಿಂತ ಹೆಚ್ಚು ಹಿಕ್ಕೆ ಹಾಕುತ್ತದೆ. ಸಾಕಲಾಗದೆ ಜನ ಕೆರೆಗೆ ಬಿಟ್ಟ ಸಕರ್ ಮೀನುಗಳು ಇಂದು ದೇಶದ ಹಲವು ಕೆರೆ, ನದಿಗಳಲ್ಲಿ ಹರಡಿ ಊರಿನ ಮೀನಿನ ಜಾಗ ಕಸಿದುಕೊಂಡಿವೆ, ಮೀನುಗಾರರ ಬಲೆ ಹರಿಯುತ್ತಿವೆ. ತೊಟ್ಟಿಯ ಯಾವ ಮೀನನ್ನೂ, ಗಿಡವನ್ನೂ, ಬಸವನಹುಳುವನ್ನೂ ಕೆರೆಗೆ ಬಿಡಬೇಡಿ. ಬೇಡವಾದರೆ ಅಂಗಡಿಗೇ ಹಿಂತಿರುಗಿಸಿ.

ನೀರು ತೀರಾ ಗಡಸಲ್ಲದಿದ್ದರೆ ಆರು ಏಂಜೆಲ್, ಹದಿನೈದು ಕಾಂಗೋ ಟೆಟ್ರಾ, ಹನ್ನೆರಡು ಕೊರಿಡೊರಾಸ್, ಪಾಚಿಗೆ ಎರಡು ಬ್ರಿಸಲ್‌ನೋಸ್. ಇವು ಈ ತೊಟ್ಟಿಯಲ್ಲಿ ಬೆಳೆದು ದೊಡ್ಡವಾದರೂ ಇಕ್ಕಟ್ಟಾಗದು. ಮೊದಲು ಟೆಟ್ರಾ, ಹತ್ತು ದಿನ ಬಿಟ್ಟು ಕೊರಿಡೊರಾಸ್, ಬ್ರಿಸಲ್‌ನೋಸ್, ಕೊನೆಗೆ ಏಂಜೆಲ್. ಜಾಗ ಹಿಡಿದುಕೊಳ್ಳುವ ಮೀನು ಕೊನೆಗೆ ಬಂದರೆ ಜಗಳ ಕಡಿಮೆ.

ಪ್ರಶ್ನೆ: ವಾರಕ್ಕೆ 150 ಲೀಟರ್ ನೀರು ಚೆಲ್ಲಲು ಮನಸ್ಸಾಗುವುದಿಲ್ಲ. ಗಿಡಗಳಿಗೆ ಹಾಕಬಹುದೇ? (ಮೈಸೂರು)

ಧಾರಾಳವಾಗಿ ಹಾಕಿ. ಆ ನೀರಿನ ನೈಟ್ರೇಟ್ ಗಿಡಕ್ಕೆ ಗೊಬ್ಬರವೇ. ತೊಟ್ಟಿಗೆ ಉಪ್ಪು ಅಥವಾ ಔಷಧ ಹಾಕಿದ ವಾರಗಳಲ್ಲಿ ಮಾತ್ರ ಬೇಡ. ಮುಖ್ಯವಾಗಿ, ಸೊಪ್ಪು ತರಕಾರಿಯ ಕುಂಡಗಳಿಗೆ ಔಷಧದ ನೀರು ಹೋಗದಂತೆ ನೋಡಿಕೊಳ್ಳಿ.