ಓದುಗರ ಪ್ರಶ್ನೆ: ಕ್ಲೌಡ್ ಸರ್ಟಿಫಿಕೇಟ್ ಇದ್ದರೆ ಸಂಶೋಧನೆಗೆ ಸಾಕೇ?

ಪ್ರಶ್ನೆ: ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂ.ಟೆಕ್. ಮುಗಿಸಿದ್ದೇನೆ, ಕ್ಲೌಡ್ (ಬಾಡಿಗೆಗೆ ಸಿಗುವ ದೂರದ ಸರ್ವರ್‌ಗಳ) ಬಳಕೆಯ ಎರಡು ಸರ್ಟಿಫಿಕೇಟ್‌ಗಳೂ ಕೈಯಲ್ಲಿವೆ. ವಿಡಿಯೊ ಸೇವೆಗಳ ಹಿಂದಿರುವ ಕ್ಲೌಡ್ ವ್ಯವಸ್ಥೆಯ ಬಗ್ಗೆ ಯುರೋಪಿನಲ್ಲಿ ಪಿಎಚ್.ಡಿ. ಮಾಡುವ ಆಸೆ. ಮೇರಿ ಕ್ಯೂರಿ ಹೆಸರಿನ ತರಬೇತಿ ಜಾಲಗಳಿಗೆ ನಾನು ಅರ್ಹನೇ? ಅಲ್ಲಿ ನಿಜಕ್ಕೂ ಏನನ್ನು ಕಲಿಸುತ್ತಾರೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅರ್ಹತೆಯ ಮಾತನ್ನು ಮೊದಲು ಮುಗಿಸಿಬಿಡೋಣ. ಐರೋಪ್ಯ ಒಕ್ಕೂಟದ ಈ ಯೋಜನೆಗೆ 2021ರಿಂದ ‘ಡಾಕ್ಟೊರಲ್ ನೆಟ್‌ವರ್ಕ್ಸ್’ ಎಂಬ ಹೆಸರಿದೆ. ಯಾವ ದೇಶದವರೂ ಅರ್ಜಿ ಹಾಕಬಹುದು, ಆದರೆ ಪಿಎಚ್.ಡಿ. ಪದವಿ ಆಗಲೇ ಪಡೆದಿರಬಾರದು. ಸೇರುವ ಸಂಸ್ಥೆ ಇರುವ ದೇಶದಲ್ಲಿ ಹಿಂದಿನ 36 ತಿಂಗಳುಗಳ ಪೈಕಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಸವಾಗಿರಬಾರದು. ಸಿಗುವುದು ವಿದ್ಯಾರ್ಥಿವೇತನವಲ್ಲ, ಕರಾರು ಮಾಡಿಕೊಂಡ ನೌಕರಿ. ಹುದ್ದೆಗಳ ಪ್ರಕಟಣೆ ಯುರಾಕ್ಸೆಸ್ ಜಾಲತಾಣದಲ್ಲಿ ಬರುತ್ತದೆ. ಒಂದು ಜಾಲದಲ್ಲಿ ಹಲವು ದೇಶಗಳ ವಿಶ್ವವಿದ್ಯಾಲಯಗಳೂ ಕಂಪನಿಗಳೂ ಇರುವುದರಿಂದ ಸಂಶೋಧಕರು ಕೆಲವು ತಿಂಗಳು ಇನ್ನೊಂದು ಸಂಸ್ಥೆಯಲ್ಲಿ ಕುಳಿತು ಕೆಲಸ ಮಾಡಬೇಕಾಗುತ್ತದೆ. ನನ್ನ ಮಟ್ಟಿಗೆ ಈ ಯೋಜನೆಯ ಜೀವಾಳ ಇರುವುದು ಅಲ್ಲೇ.

ಇನ್ನು ಕಲಿಕೆಯ ವಿಷಯ. ಸರ್ಟಿಫಿಕೇಟ್ ಕಲಿಸುವುದು ಒಂದು ಕಂಪನಿಯ ಸಲಕರಣೆಯನ್ನು ಬಳಸುವ ಕ್ರಮವನ್ನು. ಸಂಶೋಧನೆಗೆ ಬೇಕಾದದ್ದು ಅಳೆಯುವ ಅಭ್ಯಾಸ. ಒಂದು ಉದಾಹರಣೆ ನೋಡಿ. ನೀವು ಮೊಬೈಲ್‌ನಲ್ಲಿ ನೋಡುವ ವಿಡಿಯೊ ಇಡಿಯಾಗಿ ಬರುವುದಿಲ್ಲ. ಕೆಲವೇ ಸೆಕೆಂಡುಗಳ ತುಣುಕುಗಳಾಗಿ, ಪ್ರತಿ ತುಣುಕೂ ಹಲವು ಗುಣಮಟ್ಟಗಳಲ್ಲಿ ಸಿದ್ಧವಾಗಿ ಸರ್ವರ್‌ನಲ್ಲಿ ಕುಳಿತಿರುತ್ತದೆ, ಮತ್ತು ನಿಮ್ಮ ಸಂಪರ್ಕದ ವೇಗ ನೋಡಿ ಮುಂದಿನ ತುಣುಕು ಯಾವುದಿರಬೇಕೆಂದು ಪ್ಲೇಯರ್ ತೀರ್ಮಾನಿಸುತ್ತದೆ. ಈಗ ವಾರ್ತಾವಾಚಕರ ಒಂದು ದೃಶ್ಯವನ್ನೂ ಯಕ್ಷಗಾನದ ರಂಗಪ್ರವೇಶದ ಒಂದು ದೃಶ್ಯವನ್ನೂ ಒಂದೇ ಬಿಟ್‌ರೇಟ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟಷ್ಟೇ ದತ್ತಾಂಶ ಬಳಸಿ, ಸಂಕುಚಿಸಿ. ವಾಚಕರ ಮುಖ ಚೊಕ್ಕವಾಗಿಯೇ ಇರುತ್ತದೆ, ವೇಷಧಾರಿ ಗಿರಕಿ ಹೊಡೆದ ಕೂಡಲೇ ಕಿರೀಟದ ಕುಸುರಿ ಕಲಸಿಹೋಗಿ ಚೌಕಚೌಕವಾಗಿ ಕಾಣುತ್ತದೆ. ಎರಡಕ್ಕೂ ಒಂದೇ ಅಳತೆ ಸಲ್ಲದು ಎಂದು ನೆಟ್‌ಫ್ಲಿಕ್ಸ್ 2015ರಲ್ಲಿ ಪ್ರತಿ ಚಿತ್ರಕ್ಕೂ ಪ್ರತ್ಯೇಕ ಬಿಟ್‌ರೇಟ್ ಪಟ್ಟಿ ತಯಾರಿಸುವ ವಿಧಾನವನ್ನು ಪ್ರಕಟಿಸಿತು. ಅದಕ್ಕೆ ತಗಲುವ ಹೆಚ್ಚುವರಿ ಗಣನೆಯ ವೆಚ್ಚವನ್ನು ಯಾರು ಭರಿಸಬೇಕು, ಯಾವ ವಿಡಿಯೊಗೆ ಅದು ಲಾಭ, ಯಾವುದಕ್ಕೆ ದಂಡ ಎಂಬ ಪ್ರಶ್ನೆಗಳಿಂದಲೇ ಒಳ್ಳೆಯ ಪ್ರಬಂಧ ಹುಟ್ಟಬಹುದು.

ನೇರಪ್ರಸಾರದ ಕಥೆ ಇನ್ನೂ ಕಠಿಣ. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ಅನ್ನು ಹಾಟ್‌ಸ್ಟಾರ್‌ನಲ್ಲಿ ಒಂದು ಹಂತದಲ್ಲಿ ಏಕಕಾಲಕ್ಕೆ 5.9 ಕೋಟಿ ಮಂದಿ ನೋಡುತ್ತಿದ್ದರು. ಜನ ನುಗ್ಗುವುದು ಸೆಕೆಂಡುಗಳಲ್ಲಿ. ಹೊಸ ಸರ್ವರ್ ಎದ್ದು ಕೆಲಸಕ್ಕೆ ನಿಲ್ಲಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹಾಗಾಗಿ ನೆಂಟರು ಬಾಗಿಲಿಗೆ ಬರುವ ಮೊದಲೇ ಒಲೆ ಹಚ್ಚಿರಬೇಕು, ಎಷ್ಟು ಅಕ್ಕಿ ಹಾಕಬೇಕೆಂಬುದೇ ಲೆಕ್ಕ. ಇಂಥ ಒತ್ತಡದ ದತ್ತಾಂಶ ಇರುವುದು ಕಂಪನಿಗಳ ಬಳಿ, ಪ್ರಯೋಗಾಲಯದಲ್ಲಲ್ಲ. ಕಂಪನಿಯಲ್ಲಿ ಕಳೆಯುವ ತಿಂಗಳುಗಳಿಗೆ ನಾನು ಅಷ್ಟು ಬೆಲೆ ಕೊಡುವುದು ಇದಕ್ಕೇ.

ಪ್ರಶ್ನೆ: ಕ್ಲೌಡ್ ಬಾಡಿಗೆ ಕೊಡಲು ನಮ್ಮ ಕಾಲೇಜಿನಲ್ಲಿ ಹಣವಿಲ್ಲ. ಅಭ್ಯಾಸ ಮಾಡುವುದು ಹೇಗೆ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಕ್ಲೌಡ್‌ಸಿಮ್ ಎಂಬ ಉಚಿತ ತಂತ್ರಾಂಶ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಡೇಟಾ ಸೆಂಟರ್ (ಸಾಲು ಸಾಲು ಸರ್ವರ್‌ಗಳಿರುವ ಕೇಂದ್ರ) ಒಂದನ್ನು ಅನುಕರಿಸುತ್ತದೆ. ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ರಾಜ್‌ಕುಮಾರ್ ಬುಯ್ಯ ಮೈಸೂರು ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪದವೀಧರರು. ಆದರೆ ಅನುಕರಣೆಯಲ್ಲಿ ಬೇಸತ್ತು ಮೊಬೈಲ್ ಕೆಳಗಿಡುವ ಪ್ರೇಕ್ಷಕ ಇರುವುದಿಲ್ಲ. ಅದಕ್ಕಾಗಿ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಸಂಕುಚಿಸುವ ಉಚಿತ ತಂತ್ರಾಂಶದಲ್ಲಿ ಒಂದೇ ದೃಶ್ಯದ ಐದು ಪ್ರತಿಗಳನ್ನು ಬೇರೆ ಬೇರೆ ಬಿಟ್‌ರೇಟ್‌ಗಳಲ್ಲಿ ತಯಾರಿಸಿ, ಯಾವುದು ಯಾವುದೆಂದು ಹೇಳದೆ ಸಹಪಾಠಿಗಳಿಗೆ ತೋರಿಸಿ 1ರಿಂದ 5ರವರೆಗೆ ಅಂಕ ಕೊಡಿಸಿ. ಕಂಡದ್ದನ್ನೂ ಎಡವಿದ್ದನ್ನೂ ಎರಡು ಪುಟದಲ್ಲಿ ಬರೆದಿಟ್ಟುಕೊಳ್ಳಿ. ದಾವಣಗೆರೆಯ ಓದುಗರೂ ಅರ್ಜಿ ಹಾಕುವಾಗ ಸರ್ಟಿಫಿಕೇಟ್‌ಗಳ ಮೇಲೆ ಅಂಥ ಎರಡು ಪುಟ ಇಡುವುದು ಲೇಸು.